ದೂರದಿಂದ ಪ್ಯಾನಲ್ ನೋಡುವ ದಾರಿಗಳು: ನಿಮ್ಮ ಪಂಪ್‌ಹೌಸಿಗೆ, ಕಾಫಿ ಕ್ಯೂರಿಂಗ್ ವರ್ಕ್ಸಿಗೆ ಯಾವುದು ಸರಿ?

ಕಕ್ಕಡ ತಿಂಗಳ ಮಳೆ ಹಿಡಿದರೆ ಕೊಡಗಿನಲ್ಲಿ ಹತ್ತು ಕಿಲೋಮೀಟರ್ ಕೂಡ ದೂರವೇ. ದಾರಿಗೆ ಮರ ಬಿದ್ದಿರುತ್ತದೆ. ಕರೆಂಟು ಹೋಗಿರುತ್ತದೆ. ಪಂಪ್‌ಹೌಸಿನಲ್ಲಿ ಮೋಟಾರ್ ಓಡುತ್ತಿದೆಯೋ, ಟ್ರಿಪ್ ಆಗಿ ಕೂತಿದೆಯೋ ಮನೆಯಲ್ಲಿದ್ದವರಿಗೆ ಗೊತ್ತಾಗುವುದಿಲ್ಲ. ಮೋಟಾರ್, ಯಂತ್ರ ನಡೆಸುವ ಕಂಟ್ರೋಲ್ ಪ್ಯಾನಲ್ ಕೆಲಸಕ್ಕೆ ಅಂತ ಸೋಮವಾರಪೇಟೆಗೆ ಹೋಗಲಿ, ಗೋಣಿಕೊಪ್ಪಕ್ಕೆ ಹೋಗಲಿ, ನನ್ನನ್ನು ಎಲ್ಲರೂ ಕೇಳುವುದು ಒಂದೇ: "ಮೊಬೈಲ್‌ನಲ್ಲೇ ಕಾಣೋ ಹಾಗೆ ಮಾಡಿಕೊಡಿ, ಆಗುತ್ತೆ ಅಲ್ವಾ?"

ಆಗುತ್ತದೆ. ಹಲವು ರೀತಿಯಲ್ಲಿ ಆಗುತ್ತದೆ. ಅದರಲ್ಲಿ ಯಾವುದನ್ನು ಆರಿಸಬೇಕು ಅನ್ನುವಾಗ ಹೆಚ್ಚಿನವರು ಮೊದಲು ಬೆಲೆ ನೋಡುತ್ತಾರೆ. ನಾನು ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಈ ಸಂಪರ್ಕ ಬೇರೆಯವರ ಕೈಗೆ ಸಿಕ್ಕರೆ ಏನು ಹಾಳಾಗಬಹುದು? ಆ ಹೊತ್ತಿನಲ್ಲಿ ಯಂತ್ರದ ಪಕ್ಕ ಇರುವ ರೈಟರೋ (ತೋಟದ ಮೇಲ್ವಿಚಾರಕರು) ನೀರುಗಂಟಿಯೋ ಅದನ್ನು ಕೈಯಿಂದ ನಿಲ್ಲಿಸಿ, ಕೈಯಿಂದಲೇ ನಡೆಸಬಲ್ಲರೇ? ಈ ಎರಡಕ್ಕೆ ಉತ್ತರ ಸಿಕ್ಕರೆ ಯಾವ ದಾರಿ ಅನ್ನುವುದು ಮುಕ್ಕಾಲು ಪಾಲು ತೀರ್ಮಾನ ಆದ ಹಾಗೆ.

ಪಿಎಲ್‌ಸಿ ಯಾರು ಹೇಳಿದರೂ ಕೇಳುತ್ತದೆ

ಪಿಎಲ್‌ಸಿ ಅಂದರೆ ಪ್ಯಾನಲ್ ಒಳಗೆ ಕೂತು ಯಂತ್ರ ನಡೆಸುವ ಸಣ್ಣ ಕಂಪ್ಯೂಟರ್. ಇದೊಂದು ವಿಷಯ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಬ್ಯಾಂಕಿನ ಆ್ಯಪ್ ನಿಮ್ಮನ್ನು ಯಾರು ಅಂತ ಕೇಳುತ್ತದೆ, ಪಿನ್ ಕೇಳುತ್ತದೆ, ಒಟಿಪಿ ಕೇಳುತ್ತದೆ. ಪ್ಯಾನಲ್ ಒಳಗಿನ ಪಿಎಲ್‌ಸಿ ಬಹಳ ಸಲ ಏನೂ ಕೇಳುವುದಿಲ್ಲ. ಇಂದಿಗೂ ನಮ್ಮ ಡ್ರೈವ್, ಮೀಟರ್, ಪಿಎಲ್‌ಸಿಗಳು ಹೆಚ್ಚಾಗಿ ಮಾತಾಡಿಕೊಳ್ಳುವ ಮಾಡ್‌ಬಸ್ ಎಂಬ ಪದ್ಧತಿ ಹುಟ್ಟಿದ್ದು 1979ರಲ್ಲಿ. ಆಗ ಎಲ್ಲ ವೈರೂ ಒಂದೇ ಕಟ್ಟಡದೊಳಗೆ ಇರುತ್ತಿತ್ತು. ಹಾಗಾಗಿ ಅದರಲ್ಲಿ ಪಾಸ್‌ವರ್ಡ್ ಅನ್ನುವ ಯೋಚನೆಯೇ ಇಲ್ಲ. ಆ ವೈರಿನ ತನಕ ತಲುಪಿದವನು "ಮೋಟಾರ್ ಆಫ್" ಅಂದರೆ ಮೋಟಾರ್ ಆಫ್, "ಉಷ್ಣತೆ ಏರಿಸು" ಅಂದರೆ ಏರುತ್ತದೆ. ಅಂದ ಮೇಲೆ ಕಾವಲು ಏನಿದ್ದರೂ ಯಂತ್ರದ ಹೊರಗೆ ಇರಬೇಕು. ಯಾವ ದಾರಿ ಆರಿಸುತ್ತೀರಿ ಅನ್ನುವುದರ ಅರ್ಥ, ಆ ಕಾವಲನ್ನು ಎಲ್ಲಿ ಇಡುತ್ತೀರಿ ಅನ್ನುವುದು.

ಸಂಪರ್ಕವೇ ಬೇಡ ಅನ್ನುವುದು

ಇದನ್ನು ಹಳೇ ಕಾಲದ ಮಾತು ಅಂತ ತಳ್ಳಿಹಾಕಬೇಡಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಒಂದು ಪಲ್ಪರ್, ಒಂದು ವಾಷರ್, ಎರಡು ಪಂಪು ಇರುವ ತೋಟಕ್ಕೆ ಇಂಟರ್ನೆಟ್ ಯಾಕೆ ಬೇಕು? ಕಣದಲ್ಲಿ ಹೇಗೂ ಜನ ಇರುತ್ತಾರೆ. ಪಲ್ಪರ್‌ನಲ್ಲಿ ಕಲ್ಲು ಸಿಕ್ಕಿದರೆ ಮೊಬೈಲ್ ನೋಡಿ ಯಾರೂ ತೆಗೆಯಲಾರರು.

ಆದರೆ ವೈರ್ ಎಳೆಯದಿದ್ದರೆ ಅಪಾಯವೇ ಇಲ್ಲ ಅಂತಲ್ಲ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ವೈರಸ್ ಇರಾನಿನ ನತಾಂಜ್ ಅಣು ಘಟಕದ ಸೀಮೆನ್ಸ್ ಪಿಎಲ್‌ಸಿಗಳನ್ನು ಕೆಡಿಸಿತ್ತು. ಆ ಯಂತ್ರಗಳು ಇಂಟರ್ನೆಟ್‌ಗೆ ಸೇರಿರಲಿಲ್ಲ. ಆ ವೈರಸ್ ಪೆನ್‌ಡ್ರೈವ್ ಮೂಲಕವೂ ಹರಡುವಂಥದ್ದು. ನಮ್ಮ ಪ್ಯಾನಲ್‌ಗೆ ಅಂಥ ದೊಡ್ಡ ಶತ್ರು ಬರುವುದಿಲ್ಲ, ಸರಿ. ಆದರೆ ಮಗಳ ಕಾಲೇಜಿನ ಪೆನ್‌ಡ್ರೈವನ್ನೇ ಪ್ಯಾನಲ್ ಪಿಸಿಗೆ ಚುಚ್ಚುವ ಅಭ್ಯಾಸ ಇಲ್ಲಿಯೂ ಇದೆ. ಪ್ಯಾನಲ್‌ಗೆ ಅಂತಲೇ ಒಂದು ಪೆನ್‌ಡ್ರೈವ್ ಇಟ್ಟು, ಅದಕ್ಕೆ ಕೆಂಪು ಟೇಪ್ ಸುತ್ತಿ, ಬೇರೆ ಯಾವ ಕೆಲಸಕ್ಕೂ ಕೊಡಬೇಡಿ.

ಇನ್ನೊಂದು. "ನಮ್ಮದು ಯಾವುದಕ್ಕೂ ಸೇರಿಲ್ಲ" ಅಂತ ನಂಬಿರುವ ಕಡೆ ಬಾಗಿಲು ತೆಗೆದು ನೋಡಿದರೆ, ಯಂತ್ರ ಕೊಟ್ಟವರು ಸರ್ವಿಸ್‌ಗೆ ಅಂತ ಇಟ್ಟು ಹೋದ ಸಿಮ್ ಮೋಡೆಮ್ ಮಿಣುಕುತ್ತಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಮೊದಲು ಪ್ಯಾನಲ್ ಮೇಲೆ ಆಂಟೆನಾ ಇದೆಯಾ ನೋಡಿ. ಇದ್ದರೆ ನೀವು ಈ ದಾರಿಯಲ್ಲಿ ಇಲ್ಲ.

ರೌಟರ್‌ನಲ್ಲಿ ನೇರ ಬಾಗಿಲು ತೆರೆಯುವುದು

ಪೋರ್ಟ್ ಫಾರ್ವರ್ಡಿಂಗ್ ಅನ್ನುತ್ತಾರೆ. ಹೊರಗಿನಿಂದ ರೌಟರ್‌ಗೆ ಬಂದವರನ್ನು ಸೀದಾ ಪಿಎಲ್‌ಸಿ ಮುಂದೆ ನಿಲ್ಲಿಸುವ ವಿಧಾನ. ಅಗ್ಗ, ಹತ್ತು ನಿಮಿಷದ ಕೆಲಸ. ಬೇಡ. ಹೋಲಿಕೆಗೂ ಇದನ್ನು ಉಳಿದ ದಾರಿಗಳ ಪಕ್ಕ ಇಡುವಂತಿಲ್ಲ.

2023ರ ನವೆಂಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಅಲಿಕ್ವಿಪ ಎಂಬ ಸಣ್ಣ ಊರಿನ ನೀರಿನ ಬೂಸ್ಟರ್ ಸ್ಟೇಷನ್‌ನಲ್ಲಿ ಹೀಗೇ ಆಯಿತು. ಯುನಿಟ್ರಾನಿಕ್ಸ್ ಕಂಪನಿಯ ಪಿಎಲ್‌ಸಿ ಇಂಟರ್ನೆಟ್‌ಗೆ ತೆರೆದುಕೊಂಡಿತ್ತು. ಆ ಮಾದರಿಗೆ ಕಾರ್ಖಾನೆಯಿಂದಲೇ ಬರುವ ಪಾಸ್‌ವರ್ಡ್ 1111. ಒಳಗೆ ಬಂದವರು ಸ್ಕ್ರೀನ್ ಮೇಲೆ ತಮ್ಮ ಘೋಷಣೆ ಬರೆದು ಹೋದರು. ಅಲ್ಲಿನ ಕೆಲಸಗಾರರು ಕೂಡಲೇ ಪಂಪನ್ನು ಮ್ಯಾನ್ಯುಯಲ್‌ಗೆ ಹಾಕಿ ನೀರು ಕೊಟ್ಟರು. ಆ ಊರು ಯಾರಿಗೂ ಗುರಿಯಾಗಿರಲಿಲ್ಲ. ಅಂಥ ಪಿಎಲ್‌ಸಿ ಎಲ್ಲೆಲ್ಲಿ ತೆರೆದಿದೆ ಅಂತ ಹುಡುಕಿದವರಿಗೆ ಅದು ಸಿಕ್ಕಿತು, ಅಷ್ಟೆ. ಹಾಗೆ ಹುಡುಕಿಕೊಡುವುದಕ್ಕೆ ಶೋಡಾನ್ ಎಂಬ ಸರ್ಚ್ ಎಂಜಿನ್ 2009ರಿಂದಲೇ ಇದೆ. "ಕೊಡಗಿನ ಮೂಲೆಯಲ್ಲಿರೋ ನಮ್ಮ ಪಂಪು ಯಾರಿಗೆ ಬೇಕು" ಅನ್ನುವ ಮಾತಿಗೆ ನನ್ನ ಉತ್ತರ ಇದೇ.

ಮಾಮೂಲಿ ಮೊಬೈಲ್ ಸಿಮ್‌ಗಳಲ್ಲಿ ಹೊರಗಿನಿಂದ ನೇರ ಬರಲು ಸಾಮಾನ್ಯವಾಗಿ ಆಗುವುದಿಲ್ಲ. ಹಾಗಾಗಿ ಕೆಲವರು "ಪಬ್ಲಿಕ್ ಐಪಿ ಇರೋ ಸಿಮ್ ತರಿಸಿ" ಅನ್ನುತ್ತಾರೆ. ಆ ಮಾತು ಕೇಳಿದರೆ ಅಲ್ಲೇ ತಡೆಯಿರಿ.

ಸ್ಕ್ರೀನ್ ಹಂಚುವ ಆ್ಯಪ್

ನಮ್ಮ ಕಡೆ ಅತಿ ಜಾಸ್ತಿ ಇರುವುದು ಇದೇ. ಟೀಮ್‌ವ್ಯೂವರ್, ಎನಿಡೆಸ್ಕ್ ಥರದ್ದನ್ನು ಸ್ಕಾಡಾ ಪಿಸಿಗೆ (ಯಂತ್ರಗಳನ್ನು ಸ್ಕ್ರೀನ್ ಮೇಲೆ ನೋಡಿ ನಡೆಸುವ ಕಂಪ್ಯೂಟರ್) ಹಾಕಿ, ಯಂತ್ರ ಕೊಟ್ಟವರು ಕೊಯಮತ್ತೂರಿನಿಂದಲೋ ಬೆಂಗಳೂರಿನಿಂದಲೋ ನೋಡುತ್ತಾರೆ. ಅನುಕೂಲ ನಿಜ. ಕೊಯ್ಲಿನ ಹೊತ್ತಿನಲ್ಲಿ ಬೀಜವನ್ನು ಬಣ್ಣ ನೋಡಿ ಬೇರ್ಪಡಿಸುವ ಕಲರ್ ಸಾರ್ಟರ್ ನಿಂತರೆ ಎಂಜಿನಿಯರ್ ಬರುವ ತನಕ ಎರಡು ದಿನ ಕಾಯಲು ಯಾರಿಗಾಗುತ್ತದೆ?

ನಾನು ನೋಡಿಕೊಳ್ಳುತ್ತಿದ್ದ ಒಂದು ಕಡೆ ನಡೆದದ್ದು ಹೇಳುತ್ತೇನೆ. ಜನವರಿಯ ಒಂದು ರಾತ್ರಿ ಡ್ರೈಯರ್ ಓಡುತ್ತಿತ್ತು. ಯಂತ್ರ ಕೊಟ್ಟವರ ಕಡೆಯ ಹುಡುಗ ಬೇರೆ ಯಾವುದೋ ಊರಿನ ಗಿರಾಕಿಗೆ ಪ್ರೋಗ್ರಾಂ ಬದಲಿಸಬೇಕಿತ್ತು. ಅವರ ಪಟ್ಟಿಯಲ್ಲಿ ಎರಡೂ ಪಿಸಿಗೆ "ಡ್ರೈಯರ್ 1" ಅಂತಲೇ ಹೆಸರು, ಎಲ್ಲ ಗಿರಾಕಿಗಳಿಗೂ ಒಂದೇ ಪಾಸ್‌ವರ್ಡ್. ಆತ ನಮ್ಮದಕ್ಕೆ ಸೇರಿ ಪ್ರೋಗ್ರಾಂ ಇಳಿಸಿದ. ಬ್ಲೋವರ್ ನಿಂತಿತು, ಬರ್ನರ್ ನಿಲ್ಲಲಿಲ್ಲ. ಯಾರೂ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ. ಬೆಂಕಿ ಹತ್ತಲಿಲ್ಲ, ಯಾಕೆಂದರೆ ಬರ್ನರ್ ಲೈನಿನಲ್ಲಿ ಪಿಎಲ್‌ಸಿಗೆ ಸೇರದ ಒಂದು ಬೇರೆ ಥರ್ಮೋಸ್ಟಾಟ್ ಇತ್ತು. ಅದು ಬಿಸಿ ನೋಡಿ ತಾನೇ ಕಟ್ ಮಾಡಿತು. ನೂರೈವತ್ತು ಮೂಟೆ ಪಾರ್ಚ್‌ಮೆಂಟ್‌ಗಿಂತ (ಸಿಪ್ಪೆ ಬಿಡಿಸಿದ ಕಾಫಿ ಬೀಜ) ದೊಡ್ಡ ವಿಷಯ, ಡ್ರೈಯರ್ ಪಕ್ಕದಲ್ಲೇ ಇಬ್ಬರು ಮಲಗಿದ್ದರು. ಅದನ್ನು ನೆನೆದರೆ ಈಗಲೂ ನನಗೆ ನಿದ್ದೆ ಹಾರುತ್ತದೆ.

ಫ್ಲೋರಿಡಾದ ಓಲ್ಡ್ಸ್‌ಮಾರ್ ಊರಿನ ನೀರು ಶುದ್ಧೀಕರಣ ಘಟಕದ ಕಥೆ ಬಹಳ ಜನ ಕೇಳಿರಬಹುದು. 2021ರ ಫೆಬ್ರವರಿಯಲ್ಲಿ ಅಲ್ಲಿ ಕಾಸ್ಟಿಕ್ ಸೋಡಾದ ಪ್ರಮಾಣ 100ರಿಂದ 11,100 ಪಿಪಿಎಂಗೆ ಏರಿತ್ತು. ಎದುರಿಗಿದ್ದ ಆಪರೇಟರ್ ಕೂಡಲೇ ಇಳಿಸಿದರು. ಹೊರಗಿನವರು ಟೀಮ್‌ವ್ಯೂವರ್ ಮೂಲಕ ನುಗ್ಗಿದರು ಅಂತ ಮೊದಲು ಸುದ್ದಿಯಾಯಿತು. ಮುಂದೆ, ಒಳಗಿನವರದ್ದೇ ಕೈತಪ್ಪು ಇರಬಹುದು ಅನ್ನುವ ಮಾತೂ ಬಂತು. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದೇ ಈ ಗೊಂದಲ. ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸಿದರೆ, ನಾಳೆ ಏನಾದರೂ ಆದಾಗ ಯಾರು ಮಾಡಿದ್ದು ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ.

ಈಗಾಗಲೇ ಇಂಥ ಆ್ಯಪ್ ಇದ್ದರೆ ಇವತ್ತೇ ಮಾಡಬಹುದಾದದ್ದು: ಯಾರೂ ಒಪ್ಪಿಗೆ ಕೊಡದೆ ಸೇರಿಕೊಳ್ಳುವ ಸೌಲಭ್ಯವನ್ನು ಆಫ್ ಮಾಡಿ. ಪ್ರತಿ ಸಲವೂ ಇಲ್ಲಿರುವವರು "ಒಪ್ಪಿಗೆ" ಒತ್ತಿದ ಮೇಲೆಯೇ ತೆರೆಯಲಿ. ಪಾಸ್‌ವರ್ಡ್ ಜೊತೆಗೆ ಒಟಿಪಿ ಥರದ ಎರಡನೇ ಹಂತದ ಕೋಡ್ ಹಾಕಿ. ಕೆಲಸ ಮುಗಿದ ಮೇಲೆ ನೆಟ್ ಕೇಬಲ್ ಕಿತ್ತಿಡಿ. ಆ ಪಿಸಿ ವಿಂಡೋಸ್ 7 ಆಗಿದ್ದರೆ, ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಅದಕ್ಕೆ ಬೆಂಬಲ ನಿಲ್ಲಿಸಿದೆ. ಅಂಥದ್ದನ್ನು ನೆಟ್‌ಗೆ ಸೇರಿಸಲೇಬೇಡಿ.

ಸ್ವಂತ ವಿಪಿಎನ್

ವಿಪಿಎನ್ ಅಂದರೆ ನಿಮ್ಮ ಫೋನಿನಿಂದ ಪ್ಯಾನಲ್ ತನಕ ಒಂದು ಮುಚ್ಚಿದ ಕೊಳವೆ ಎಳೆದ ಹಾಗೆ. ಕೆಲವು ಸಾವಿರದ ರೌಟರ್‌ನಲ್ಲೇ ವೈರ್‌ಗಾರ್ಡ್ ಅಥವಾ ಓಪನ್‌ವಿಪಿಎನ್ ಹಾಕಬಹುದು. ತಿಂಗಳ ಬಾಡಿಗೆ ಇಲ್ಲ, ಕೀಲಿ ನಿಮ್ಮ ಕೈಯಲ್ಲೇ ಇರುತ್ತದೆ. ಮನೆಯಲ್ಲೋ ಆಫೀಸಿನಲ್ಲೋ ನೆಟ್‌ವರ್ಕ್ ತಿಳಿದವರು ಒಬ್ಬರಿದ್ದರೆ ಇದು ಬಹಳ ಒಳ್ಳೆಯದು. ಮನೆಯಲ್ಲಿದ್ದ ಹುಡುಗ ಹಾಕಿಕೊಟ್ಟು ಬೆಂಗಳೂರಿಗೆ ಕೆಲಸಕ್ಕೆ ಹೋದರೆ, ಮೂರು ವರ್ಷ ಯಾರೂ ರೌಟರ್ ಅಪ್‌ಡೇಟ್ ಮಾಡುವುದಿಲ್ಲ. ಇದರ ತೊಂದರೆ ಅಲ್ಲಿದೆ.

"ವಿಪಿಎನ್ ಇದೆ, ಇನ್ನೇನು ಭಯ" ಅನ್ನುವವರಿಗೆ ಎರಡು ಘಟನೆ ಹೇಳುತ್ತೇನೆ. 2015ರ ಡಿಸೆಂಬರ್ 23ರಂದು ಉಕ್ರೇನ್‌ನಲ್ಲಿ ಮೂರು ವಿದ್ಯುತ್ ಕಂಪನಿಗಳ ಸಬ್‌ಸ್ಟೇಷನ್‌ಗಳನ್ನು ದೂರದಿಂದಲೇ ಆಫ್ ಮಾಡಿದರು. ಸುಮಾರು 2,25,000 ಗ್ರಾಹಕರಿಗೆ ಕರೆಂಟು ಹೋಯಿತು. ದಾಳಿಕೋರರು ಕದ್ದ ಪಾಸ್‌ವರ್ಡ್ ಹಿಡಿದು ವಿಪಿಎನ್ ಬಾಗಿಲಿನಿಂದಲೇ ಬಂದಿದ್ದರು. ಎರಡನೇ ಹಂತದ ಪರೀಕ್ಷೆ ಇರಲಿಲ್ಲ. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್‌ಗೂ ಹಾಗೇ ಆಯಿತು. ಬಳಕೆಯಲ್ಲೇ ಇಲ್ಲದ ಒಂದು ಹಳೇ ವಿಪಿಎನ್ ಖಾತೆ, ಬರೀ ಪಾಸ್‌ವರ್ಡ್ ಕಾವಲು. ದಾಳಿ ಆದದ್ದು ಆಫೀಸಿನ ಕಂಪ್ಯೂಟರ್‌ಗಳ ಮೇಲೆ. ಆದರೂ ಭಯಕ್ಕೆ ಇಂಧನದ ಪೈಪನ್ನೇ ದಿನಗಟ್ಟಲೆ ನಿಲ್ಲಿಸಬೇಕಾಯಿತು.

ಹಾಗಾಗಿ ವಿಪಿಎನ್ ಜೊತೆಗೆ ಎರಡನೇ ಹಂತದ ಕೋಡ್ ಬೇಕು. ಆಫೀಸಿನ ಬಿಲ್ಲಿಂಗ್ ಕಂಪ್ಯೂಟರ್, ಸಿಸಿಟಿವಿ, ಪ್ಯಾನಲ್ ಎಲ್ಲ ಒಂದೇ ನೆಟ್‌ವರ್ಕ್ ಸ್ವಿಚ್‌ನಲ್ಲಿ ಇರಬಾರದು. 2019ರಲ್ಲಿ ಕೂಡಂಕುಳಂ ಅಣು ವಿದ್ಯುತ್ ಕೇಂದ್ರದ ಆಡಳಿತದ ಕಂಪ್ಯೂಟರ್ ಒಂದಕ್ಕೆ ವೈರಸ್ ಬಂದದ್ದನ್ನು ಆ ಕೇಂದ್ರ ನಡೆಸುವ ಎನ್‌ಪಿಸಿಐಎಲ್ ಒಪ್ಪಿಕೊಂಡಿತು. ಸ್ಥಾವರ ನಡೆಸುವ ಜಾಲ ಬೇರೆ ಇದ್ದುದರಿಂದ ಅದಕ್ಕೆ ತಗುಲಲಿಲ್ಲ ಎಂದೂ ಹೇಳಿತು. ನಮ್ಮ ಕ್ಯೂರಿಂಗ್ ವರ್ಕ್ಸಿನಲ್ಲಿ ಬೇರೆ ಜಾಲ ಅಂದರೆ ಎರಡನೇ ಒಂದು ರೌಟರ್, ಮಧ್ಯೆ ಒಂದು ಸಣ್ಣ ಫೈರ್‌ವಾಲ್. ದೊಡ್ಡ ಖರ್ಚೇನಲ್ಲ.

ಕೀಲಿ ಸ್ವಿಚ್ ಇರುವ ಗೇಟ್‌ವೇ

ಕಾರ್ಖಾನೆಗಳಿಗೆ ಅಂತಲೇ ಮಾಡಿದ ಸಣ್ಣ ಡಬ್ಬಿ. ಪ್ಯಾನಲ್ ಒಳಗೆ ಉಪಕರಣ ಕೂರಿಸುವ ಲೋಹದ ಪಟ್ಟಿಯ ಮೇಲೆ ಕೂರುತ್ತದೆ. ಹೊರಗಿನಿಂದ ಒಳಗೆ ಬಾಗಿಲು ತೆರೆಯುವುದಿಲ್ಲ, ತಾನೇ ಒಳಗಿನಿಂದ ಹೊರಗೆ ಕರೆ ಮಾಡಿ ತನ್ನ ಕಂಪನಿಯ ಸರ್ವರ್‌ಗೆ ಸೇರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಖಾತೆ, ಯಾರು ಯಾವಾಗ ಬಂದರು ಅನ್ನುವ ದಾಖಲೆ, ಎಲ್ಲ ಇರುತ್ತದೆ.

ಇದನ್ನು ನಾನು ಮೆಚ್ಚುವುದು ಇನ್ನೊಂದು ಕಾರಣಕ್ಕೆ. ಇಂಥ ಹಲವು ಡಬ್ಬಿಗಳಲ್ಲಿ ಒಂದು ಇನ್‌ಪುಟ್ ಇರುತ್ತದೆ. ಅದಕ್ಕೆ ಪ್ಯಾನಲ್ ಬಾಗಿಲ ಮೇಲಿನ ಕೀಲಿ ಸ್ವಿಚ್‌ನಿಂದ ವೈರ್ ಎಳೆದರೆ, ಕೀಲಿ ತಿರುಗಿಸಿದಾಗ ಮಾತ್ರ ದೂರದ ಸಂಪರ್ಕ ಜೀವ ಪಡೆಯುತ್ತದೆ. ಕೊಯಮತ್ತೂರಿನ ಎಂಜಿನಿಯರ್ ಫೋನ್ ಮಾಡಬೇಕು. ಇಲ್ಲಿನ ಮೇಲ್ವಿಚಾರಕರು ಯಂತ್ರದ ಹತ್ತಿರ ಯಾರೂ ಇಲ್ಲ ಅಂತ ನೋಡಿ ಕೀಲಿ ತಿರುಗಿಸಬೇಕು. ಪಕ್ಕದಲ್ಲಿ ಒಂದು ಕೆಂಪು ದೀಪ ಉರಿಯುತ್ತಿರಲಿ. ಮುಗಿದ ಮೇಲೆ ಕೀಲಿ ಜೇಬಿಗೆ. ಆ ಜನವರಿ ರಾತ್ರಿ ನಮ್ಮಲ್ಲಿ ಇದಿದ್ದಿದ್ದರೆ ಹುಡುಗ ಪಟ್ಟಿಯಲ್ಲಿ ಯಾವ ಹೆಸರು ಒತ್ತಿದ್ದರೂ ಒಳಗೆ ಬರಲು ಆಗುತ್ತಿರಲಿಲ್ಲ.

ಬೆಲೆ ಜಾಸ್ತಿ. ಕೆಲವಕ್ಕೆ ವರ್ಷದ ಶುಲ್ಕವೂ ಇದೆ. ಆ ಕಂಪನಿಯ ಸರ್ವರ್ ನಿಂತರೆ ನಿಮ್ಮ ಸಂಪರ್ಕವೂ ನಿಲ್ಲುತ್ತದೆ. ಆದರೂ ಪಿಎಲ್‌ಸಿ, ಡ್ರೈಯರ್, ಸಾರ್ಟರ್ ಎಲ್ಲ ಇರುವ ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ಗಳಿಗೆ ನಾನು ಹೇಳುವುದು ಇದನ್ನೇ.

ಸುದ್ದಿ ಮಾತ್ರ ಹೊರಗೆ ಬರಲಿ

ಹೆಚ್ಚಿನವರನ್ನು ಕೂರಿಸಿ ಕೇಳಿದರೆ ಅವರಿಗೆ ಬೇಕಿರುವುದು ಯಂತ್ರವನ್ನು ನಡೆಸುವುದಲ್ಲ. "ಟ್ಯಾಂಕ್ ತುಂಬಿತಾ, ಮೋಟಾರ್ ಟ್ರಿಪ್ ಆಯ್ತಾ, ಕರೆಂಟು ಬಂತಾ", ಇಷ್ಟು ತಿಳಿದರೆ ಸಾಕು. ಇದಕ್ಕೆ ಬಹಳ ಸರಳ ಉಪಾಯ ಇದೆ. ಪಿಎಲ್‌ಸಿಯ ಒಂದು ಔಟ್‌ಪುಟ್‌ನಿಂದ ರಿಲೇ (ವಿದ್ಯುತ್ತಿನಿಂದ ಕೆಲಸ ಮಾಡುವ ಸಣ್ಣ ಸ್ವಿಚ್) ಎಳೆಸಿ. ರಿಲೇಯ ಖಾಲಿ ಕಾಂಟ್ಯಾಕ್ಟನ್ನು ಜಿಎಸ್‌ಎಂ ಅಲಾರ್ಮ್ ಡಬ್ಬಿಗೆ ಕೊಡಿ. ಟ್ರಿಪ್ ಆದರೆ ರಿಲೇ ಬೀಳುತ್ತದೆ, ನಾಲ್ಕು ಜನಕ್ಕೆ ಎಸ್‌ಎಂಎಸ್ ಹೋಗುತ್ತದೆ. ಆ ಡಬ್ಬಿಯನ್ನು ಯಾರು ಕೈವಶ ಮಾಡಿಕೊಂಡರೂ ಪಿಎಲ್‌ಸಿಗೆ ವಾಪಸ್ ಹೋಗುವ ವೈರೇ ಇಲ್ಲ. ಸುಳ್ಳು ಎಸ್‌ಎಂಎಸ್ ಕಳಿಸಬಹುದು, ಅಷ್ಟೇ. ದೊಡ್ಡ ವಿದ್ಯುತ್ ಸ್ಥಾವರಗಳಲ್ಲಿ ಡೇಟಾ ಡಯೋಡ್ ಅಂತ ಲಕ್ಷಗಟ್ಟಲೆ ಕೊಟ್ಟು ಹಾಕಿಸುವುದೂ ಇದೇ ತತ್ವ. ಅಲ್ಲಿ ಮಾಹಿತಿ ಹೊತ್ತ ಬೆಳಕು ಒಂದು ಕಡೆಯಿಂದ ಮಾತ್ರ ಹೊರಡುತ್ತದೆ.

ರೊಬಸ್ಟಾ ತೋಟಗಳಲ್ಲಿ ಫೋನಿನಿಂದಲೇ ಮೋಟಾರ್ ಆನ್, ಆಫ್ ಮಾಡುವ ಮೊಬೈಲ್ ಸ್ಟಾರ್ಟರ್ ಬಗ್ಗೆಯೂ ಹೇಳಬೇಕು. ಅದರಲ್ಲಿ ಆಜ್ಞೆ ಒಳಗೂ ಹೋಗುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ನೀರು ಅರ್ಧಕ್ಕೆ ನಿಂತರೆ ವರ್ಷದ ಫಸಲಿಗೇ ಪೆಟ್ಟು. ಅಂಗಡಿಯಿಂದ ಬಂದ 1234 ಪಾಸ್‌ವರ್ಡ್ ಬದಲಿಸಿ. ನೋಂದಾಯಿಸಿದ ನಂಬರ್‌ಗಳಿಂದ ಮಾತ್ರ ಕೇಳುವ ಹಾಗೆ ಮಾಡಿ. ಒಂದೇ ಮೋಟಾರ್, ಹತ್ತಿರದಲ್ಲೇ ಲೈನ್‌ಮನೆಯ ಜನ ಇದ್ದಾರೆ ಅಂದರೆ ಇದು ಸಾಕು. ಡ್ರೈಯರ್‌ಗೆ, ಬಾಯ್ಲರ್‌ಗೆ ಮಾತ್ರ ಈ ಸ್ಟಾರ್ಟರ್ ಕಟ್ಟಬೇಡಿ.

ಯಾರಿಗೆ ಯಾವುದು

ತೋಟದ ಪಂಪಿಗೆ ಸುದ್ದಿ ಮಾತ್ರದ ಡಬ್ಬಿ, ಬೇಕಿದ್ದರೆ ಮೊಬೈಲ್ ಸ್ಟಾರ್ಟರ್. ಪಲ್ಪಿಂಗ್‌ಗೆ ಸಂಪರ್ಕವೇ ಬೇಡ. ಕ್ಯೂರಿಂಗ್ ವರ್ಕ್ಸಿಗೆ ಕೀಲಿ ಗೇಟ್‌ವೇ, ಜೊತೆಗೆ ಸುದ್ದಿ ಡಬ್ಬಿ. ಊರಿನ ಕುಡಿಯುವ ನೀರಿಗೆ ಹೋಲಿಕೆ ಸ್ವಲ್ಪ ಕಷ್ಟ, ಯಾಕೆಂದರೆ ದೂರ ದೂರ ಇರುವ ಟ್ಯಾಂಕ್‌ಗಳು ಪರಸ್ಪರ ಮಾತಾಡಲೇಬೇಕು. ಅಲ್ಲಿ ಮೊಬೈಲ್ ಕಂಪನಿಯಿಂದ ಖಾಸಗಿ ಎಪಿಎನ್ ಸಿಮ್ (ಸಾರ್ವಜನಿಕ ಇಂಟರ್ನೆಟ್‌ಗೆ ಸೇರದೆ ನಿಮ್ಮದೇ ಜಾಲಕ್ಕೆ ಸೇರುವ ಸಿಮ್) ತೆಗೆದುಕೊಂಡು, ಅದರ ಮೇಲೆ ವಿಪಿಎನ್ ಹಾಕಿಸುವುದು ಸರಿ. ಕ್ಲೋರಿನ್ ಪ್ರಮಾಣವನ್ನು ದೂರದಿಂದ ಬದಲಿಸುವ ಅವಕಾಶ ಇರಬಾರದು. ಅದಕ್ಕೆ ನೀರುಗಂಟಿಯ ಕೈಯೇ ಇರಲಿ. ಕಿರು ಜಲವಿದ್ಯುತ್ ಘಟಕ ಇರುವವರಿಗೆ ನನ್ನಂಥವನ ಸಲಹೆ ಸಾಲದು. ವಿದ್ಯುತ್ ವಲಯಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರ 2021ರಲ್ಲಿ ಬೇರೆಯೇ ಮಾರ್ಗಸೂಚಿ ತಂದಿದೆ. ಇನ್ನು, ಸೈಬರ್ ದಾಳಿ ಆದರೆ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, ಲಾಗ್‌ಗಳನ್ನು (ಕಂಪ್ಯೂಟರ್‌ನ ಚಟುವಟಿಕೆಯ ದಾಖಲೆ) 180 ದಿನ ಇಡಬೇಕು ಎಂದು 2022ರ ನಿರ್ದೇಶನ ಇದೆ. ಇದು ಕಂಪನಿಗಳಿಗೂ ಸರ್ಕಾರಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ.

ಕೆಲಸ ಬಿಟ್ಟು ಹೋದವರ ಖಾತೆಯನ್ನು ಅದೇ ದಿನ ತೆಗೆಸಿ. 2000ದಲ್ಲಿ ಆಸ್ಟ್ರೇಲಿಯಾದ ಮರೂಚಿಯಲ್ಲಿ ಕಂಟ್ರಾಕ್ಟರ್ ಬಳಿ ಕೆಲಸ ಬಿಟ್ಟವನೊಬ್ಬ ರೇಡಿಯೊ ಉಪಕರಣ ಇಟ್ಟುಕೊಂಡು ಒಳಚರಂಡಿ ಪಂಪ್‌ಗಳನ್ನು ಮತ್ತೆ ಮತ್ತೆ ಕೆಡಿಸಿದ್ದ. ಲಕ್ಷಗಟ್ಟಲೆ ಲೀಟರ್ ಕೊಳಚೆ ಪಾರ್ಕಿಗೆ, ಹೊಳೆಗೆ ಹರಿಯಿತು. ಪ್ಯಾನಲ್ ಕೊಡುವವರ ಹತ್ತಿರ ಬಿಲ್ ಕೊಡುವ ಮೊದಲೇ ಪ್ರೋಗ್ರಾಂನ ಪ್ರತಿ, ಎಲ್ಲ ಪಾಸ್‌ವರ್ಡ್ ಬರೆಸಿಕೊಳ್ಳಿ. ಆಮೇಲೆ ಕೇಳಿದರೆ ಸಿಗುವುದು ಕಷ್ಟ.

ಪಿಎಲ್‌ಸಿಯ ಮೇಲೆಯೇ ರನ್, ಪ್ರೋಗ್ರಾಂ ಅಂತ ಕೀಲಿ ಇದ್ದರೆ ಅದು ರನ್‌ನಲ್ಲೇ ಇರಲಿ. 2017ರಲ್ಲಿ ಸೌದಿ ಅರೇಬಿಯಾದ ಒಂದು ಪೆಟ್ರೋಕೆಮಿಕಲ್ ಘಟಕದಲ್ಲಿ ಸುರಕ್ಷತೆಯ ಕಂಟ್ರೋಲರ್‌ಗೇ ವೈರಸ್ ಇಳಿಸಲು ಆದದ್ದು, ಆ ಕೀಲಿ ಪ್ರೋಗ್ರಾಂ ಕಡೆ ಉಳಿದಿದ್ದರಿಂದ.

2018ರ ಆಗಸ್ಟ್ ನೆನಪಿದೆ ಅಲ್ವಾ? ಗುಡ್ಡ ಕುಸಿದು ರಸ್ತೆ, ಕರೆಂಟು, ಫೋನು ಮೂರೂ ಇಲ್ಲದ ಊರುಗಳು ಎಷ್ಟಿದ್ದವು. ಆಗ ಯಾವ ಆ್ಯಪ್ ಇದ್ದರೇನು? ಉಕ್ರೇನ್‌ನಲ್ಲೂ ಕೆಲವೇ ಗಂಟೆಗಳಲ್ಲಿ ಕರೆಂಟು ವಾಪಸ್ ಬಂದದ್ದು ಲೈನ್‌ಮ್ಯಾನ್‌ಗಳು ಸಬ್‌ಸ್ಟೇಷನ್‌ಗೆ ಹೋಗಿ ಕೈಯಿಂದ ಬ್ರೇಕರ್ ಹಾಕಿದ್ದರಿಂದ. ಹಾಗಾಗಿ ಯಾವ ದಾರಿ ಆರಿಸಿದರೂ ಆಟೊ-ಮ್ಯಾನ್ಯುಯಲ್ ಸೆಲೆಕ್ಟರ್ ಸ್ವಿಚ್, ಎಮರ್ಜೆನ್ಸಿ ಸ್ಟಾಪ್, ಟ್ಯಾಂಕಿನ ಫ್ಲೋಟ್, ಬರ್ನರ್‌ನ ಥರ್ಮೋಸ್ಟಾಟ್, ಇವು ಪಿಎಲ್‌ಸಿಯನ್ನು ಕೇಳದೆ ನೇರ ವೈರಿನಲ್ಲಿ ಕೆಲಸ ಮಾಡಬೇಕು.

ಪುತ್ತರಿ ಹಬ್ಬಕ್ಕೆ ಮೊದಲು, ಅರೇಬಿಕಾ ಕೊಯ್ಲು ಜೋರಾಗುವ ಮುಂಚೆ, ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ. ನೆಟ್ ಕೇಬಲ್ ಕಿತ್ತು, ಸೆಲೆಕ್ಟರನ್ನು ಮ್ಯಾನ್ಯುಯಲ್‌ಗೆ ಹಾಕಿ, ಅರ್ಧ ಗಂಟೆ ಯಂತ್ರ ನಡೆಸಿ ನೋಡಿ. ನೀವು ನಡೆಸಬೇಡಿ. ರಾತ್ರಿ ಪಾಳಿಯಲ್ಲಿ ಇರುವವರು ಯಾರೋ ಅವರೇ ನಡೆಸಲಿ, ನೀವು ಪಕ್ಕದಲ್ಲಿ ನಿಂತಿರಿ. ಅವರಿಗೆ ಎಲ್ಲಿ ತಡವರಿಸಿತು ಅಂತ ಬರೆದಿಟ್ಟುಕೊಂಡು ನಿಮ್ಮ ಪ್ಯಾನಲ್‌ನವರಿಗೆ ಫೋನ್ ಮಾಡಿ.